ಪಟ್ಟಿಯ ಕೊನೆಯ ಹೆಸರು

ಕಳೆದ ವಾರ ಕಡಬದಲ್ಲಿ ಸರ್ವಿಸ್ ಜೀಪು ಹತ್ತಿದೆ. ಹಿಂದಿನ ಸೀಟಿನಡಿ ಯಾರೋ ರಬ್ಬರ್ ಶೀಟಿನ ಕಟ್ಟು ತುರುಕಿದ್ದರು. ರಬ್ಬರ್ ಒಣಗಿಸುವ ಹೊಗೆಮನೆಯಿಂದ ಆಗಷ್ಟೇ ಇಳಿಸಿದ ಶೀಟು. ಹೊಗೆ, ಹುಳಿ, ಜೊತೆಗೆ ಹಳಸಿದ ಹಾಲಿನಂಥ ಒಂದು ವಾಸನೆ. ಕಡಬದವರಿಗೆ ಇದು ವಾಸನೆಯೇ ಅಲ್ಲ. ನನ್ನ ಪಕ್ಕದಲ್ಲಿದ್ದವರು ಆರಾಮವಾಗಿ ಬಾಳೆಹಣ್ಣು ಸುಲಿದು ತಿನ್ನುತ್ತಿದ್ದರು. ನಾನು ಮಾತ್ರ ಕರ್ಚೀಫು ಮೂಗಿಗೆ ಹಿಡಿದೆ. ಎರಡು ಕಿಲೋಮೀಟರ್ ಹೋಗುವುದರೊಳಗೆ ನಿಲ್ಲಿಸಲು ಹೇಳಿದೆ.

"ಎಂತ ಹಮೀದಾಕ, ಇಲ್ಲೇ ಇಳಿಯುದಾ?" ಎಂದು ಡ್ರೈವರ್ ಕೇಳಿದ.

"ಸ್ವಲ್ಪ ಕೆಲಸ ಉಂಟು ಮಾರಾಯ" ಎಂದೆ. ಕೆಲಸ ಏನೂ ಇರಲಿಲ್ಲ. ರಸ್ತೆ ಬದಿಯಲ್ಲಿ ಕೊಡೆ ಹಿಡಿದುಕೊಂಡು ಮುಂದಿನ ಬಸ್ಸಿಗೆ ಮುಕ್ಕಾಲು ಗಂಟೆ ಕಾದೆ.

ಆ ವಾಸನೆ ಬಂದರೆ ನನಗೆ ನೆನಪಾಗುವುದು ನಾಲ್ಕು ವರ್ಷದ ಹಿಂದಿನ ಮಳೆಗಾಲ, ಅದರ ಬೆನ್ನಿಗೆ ಆಫ್ರಿಕಾದ ಮಲಾವಿ ಎಂಬ ದೇಶ, ಮತ್ತು ಅಲ್ಲಿ ನಮಗೆ ಅಡುಗೆ ಮಾಡಿ ಬಡಿಸಿದ ಎಸ್ತೇರ್ ಎಂಬ ಹೆಂಗಸಿನ ಎಡಗಣ್ಣು. ಬಲಗಣ್ಣು ಚಿಕ್ಕಂದಿನಲ್ಲೇ ಹೋಗಿತ್ತು. ಉಳಿದಿದ್ದ ಒಂದಕ್ಕೆ ಪೊರೆ ಬಂದಿತ್ತು. ಅಂಥ ಪೊರೆ ತೆಗೆಯುವುದಕ್ಕೇ ನಾವು ಇಲ್ಲಿಂದ ಅಷ್ಟು ದೂರ ಹೋಗಿದ್ದು.

ನಾನು ಸೌದಿಯ ದಮ್ಮಾಮಿನಲ್ಲಿ ಇಪ್ಪತ್ತೆರಡು ವರ್ಷ ಸ್ಟೋರ್ ಕೀಪರ್ ಆಗಿದ್ದವನು. ಪೆಟ್ಟಿಗೆ ಕಟ್ಟುವುದು, ಪಟ್ಟಿ ಬರೆಯುವುದು, ಕಸ್ಟಮ್ಸಿನವರ ಮುಂದೆ ಮುಖದಲ್ಲಿ ಒಂದು ಗೆರೆ ಅಲುಗಿಸದೆ ನಿಲ್ಲುವುದು, ಇಷ್ಟೇ ನನ್ನ ವಿದ್ಯೆ. ಊರಿಗೆ ಬಂದು ಪುತ್ತೂರಿನಲ್ಲಿ ಸುಮ್ಮನೆ ಕೂತಿದ್ದಾಗ ಒಂದು ಸೇವಾ ಟ್ರಸ್ಟಿನವರು ಮನೆಗೆ ಬಂದರು. ಮಲಾವಿಯ ಒಂದು ಸಣ್ಣ ಪೇಟೆಯಲ್ಲಿ ಕಣ್ಣಿನ ಶಿಬಿರ ಮಾಡುತ್ತಾರಂತೆ. ಆಪರೇಷನ್ನಿಗೆ ಡಾಕ್ಟರ್ ಸುಧಾಕರ್ ಇದ್ದಾರೆ, ದುಡ್ಡಿಗೆ ಅಧ್ಯಕ್ಷರಿದ್ದಾರೆ, ಸಾಮಾನು ಸಾಗಿಸುವ ತಲೆಬೇನೆಗೆ ಮಾತ್ರ ಯಾರೂ ಇಲ್ಲ. "ಇದೆಲ್ಲ ನಿಮಗೆ ನೀರು ಕುಡಿದ ಹಾಗೆ ಅಲ್ವಾ ಹಮೀದಾಕ?" ಎಂದರು. ಹೊಗಳಿಕೆಗೆ ನಾನು ಯಾವಾಗಲೂ ಬೀಳುತ್ತೇನೆ. ಒಪ್ಪಿಕೊಂಡೆ.

ಡಾಕ್ಟರ್ ಸುಧಾಕರ್ ಅವರ ಕೈ ಒಳ್ಳೆಯದು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಅವರ ಬಗ್ಗೆ ಒಳ್ಳೆಯ ಮಾತು ಬರುವುದು ಕಡಿಮೆ. ಆ ಮನುಷ್ಯನಿಗೆ ಕ್ಯಾಮೆರಾ ಕಂಡರೆ ಕುತ್ತಿಗೆ ತಾನಾಗಿ ಉದ್ದವಾಗುತ್ತಿತ್ತು. 'ನನ್ನ ಬಡ ರೋಗಿಗಳು' ಎಂದು ಶುರು ಮಾಡಿದರೆ ನಾನು ಟೀ ಕುಡಿದು ಬರುವಷ್ಟು ಹೊತ್ತು ಮಾತು. ಅಧ್ಯಕ್ಷರು ಕಡಬದ ವಾಸುದೇವ ಗೌಡರು, ದೊಡ್ಡ ರಬ್ಬರ್ ತೋಟದವರು. ಶಿಬಿರಕ್ಕೆ ಅವರು ಮಾಡಿಸಿದ ಮೊದಲ ವಸ್ತು ಬ್ಯಾನರ್. ಹನ್ನೆರಡು ಅಡಿ, ಪೂರ್ತಿ ಕನ್ನಡದಲ್ಲಿ, ಮೂಲೆಯಲ್ಲಿ ಅವರದೇ ಫೋಟೋ. ಮಲಾವಿಯಲ್ಲಿ ಅದನ್ನು ಓದಬಲ್ಲವರು ಅಲ್ಲಿಗೆ ಹೊತ್ತುಕೊಂಡು ಹೋದ ನಾವು ಆರು ಜನ ಮಾತ್ರ.

ಜೂನ್ ತಿಂಗಳಲ್ಲಿ ಟ್ರಸ್ಟಿನ ಹಾಲಿಗೆ ಜನರ ದಾನ ಬರಲು ಶುರುವಾಯಿತು. ಮನುಷ್ಯನ ಮೇಲೆ ಮರ್ಯಾದೆ ಉಳಿಯಬೇಕು ಎಂದಿದ್ದರೆ ದಾನದ ವಸ್ತುಗಳನ್ನು ವಿಂಗಡಿಸುವ ಕೆಲಸಕ್ಕೆ ಹೋಗಬಾರದು. ಅರ್ಧ ಕುಡಿದ ಕೆಮ್ಮಿನ ಸಿರಪ್ಪು. ಒಂದು ಕಡ್ಡಿ ಇಲ್ಲದ ಕನ್ನಡಕ. ಎಣ್ಣೆ ಕಲೆಯ ಮದುವೆ ಸೀರೆ. ಯಾರದೋ ಅಜ್ಜನ ಹಲ್ಲುಸೆಟ್ಟು. ಹಿಂದೆ ತೂತಾಗಿದ್ದ ಬಿಸಿನೀರಿನ ಚೀಲ ತಂದುಕೊಟ್ಟ ಒಬ್ಬ ಅಮ್ಮನನ್ನು, "ಇದು ಸೋರ್ತದಲ್ವಾ?" ಎಂದು ಕೇಳಿದೆ. "ಪಾಪ, ಅವರಿಗೆ ಅಷ್ಟಾದ್ರೂ ಆಗ್ತದೆ" ಎಂದರು. ಇವರ ಕರುಣೆ ಎಂದರೆ ಇದು. ಮನೆಯ ಅಟ್ಟ ಖಾಲಿಯಾಗಬೇಕು, ಮೇಲೆ ಪುಣ್ಯವೂ ಬರಬೇಕು. ನಾನು ಎಲ್ಲರಿಗೂ ಕೈಮುಗಿದು, ಅವರು ಗೇಟು ದಾಟಿದ ಮೇಲೆ ಎಲ್ಲವನ್ನೂ ಗುಜರಿಯವನಿಗೆ ಕೊಟ್ಟೆ.

ನಿಜವಾಗಿ ಬೇಕಾಗಿದ್ದು ಹಸಿರು ಬಟ್ಟೆ. ಆಪರೇಷನ್ ಮಾಡುವಾಗ ರೋಗಿಯ ಮುಖದ ಮೇಲೆ ಹಾಸಲು ನಡುವೆ ತೂತಿರುವ ಬಟ್ಟೆ, ಡಾಕ್ಟರಿಗೆ, ನರ್ಸುಗಳಿಗೆ ಗೌನು, ಟ್ರೇಗೆ ಹೊದಿಕೆ. ಆಪರೇಷನ್ ಥಿಯೇಟರ್ ನೋಡಿಕೊಳ್ಳಲು ಬಂದಿದ್ದವರು ಗುತ್ತಿಗಾರಿನ ಸಿಸ್ಟರ್ ಕುಸುಮಾವತಿ. ಒಮ್ಮೆ ಬಳಸಿ ಎಸೆಯುವ ಸೆಟ್ಟು ತೆಗೆದುಕೊಳ್ಳುವ ಎಂದು ಅವರು ಹೇಳಿದ್ದರು. ಗೌಡರು ಕೇಳಲಿಲ್ಲ. "ಸುಳ್ಯದ ನಮ್ಮ ಹೆಂಗಸರು ಹೊಲಿದದ್ದು ಅಂತ ಹೇಳ್ಲಿಕ್ಕೆ ಒಂದು ತೂಕ ಉಂಟು ಸಿಸ್ಟರೆ" ಎಂದರು. ಸುಳ್ಯದ ಹೆಂಗಸರು ಪಾಪ ಚೆನ್ನಾಗಿಯೇ ಹೊಲಿದರು. ಹೊಲಿದದ್ದನ್ನು ಗಂಜಿ, ದಾರದ ಧೂಳು ಹೋಗುವವರೆಗೆ ಮೂರು ಸಲ ಒಗೆಯಬೇಕಿತ್ತು. ಒಗೆದೆವು. ಒಣಗಲಿಲ್ಲ.

ನಮ್ಮ ಜುಲೈ ತಿಂಗಳು ಹೇಗೆ ಎಂದು ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಹಾಲಿನ ಉದ್ದಕ್ಕೆ ಹಗ್ಗ ಕಟ್ಟಿ ಫ್ಯಾನ್ ಹಾಕಿದೆ. ಹದಿನೈದು ದಿನವಾದರೂ ಬಟ್ಟೆ ಮುಟ್ಟಿದರೆ ತಣ್ಣಗೆ. ಹದಿನಾರನೇ ದಿನ ಮೂಲೆಯ ಬಟ್ಟೆಯಲ್ಲಿ ಬೂಷ್ಟಿನ ಕಪ್ಪು ಚುಕ್ಕಿ ಕಂಡಿತು. ಕಾರ್ಗೋದವರು ಪೆಟ್ಟಿಗೆ ಒಯ್ಯಲು ಬರುವುದಕ್ಕೆ ಐದೇ ದಿನ ಬಾಕಿ. ಆಗ ನನಗೆ ಗೌಡರ ಹೊಗೆಮನೆ ಹೊಳೆಯಿತು. ಇಂಥ ಐಡಿಯಾ ಬೇರೆ ಯಾವ ಊರಿನವನಿಗೂ ಹೊಳೆಯಲಿಕ್ಕಿಲ್ಲ. ಮಳೆಗಾಲದಲ್ಲಿ ರಬ್ಬರ್ ಶೀಟನ್ನೇ ಒಣಗಿಸುವ ಗೂಡು, ಬಟ್ಟೆ ಯಾವ ಲೆಕ್ಕ? ಜೀಪಿನಲ್ಲಿ ಹಾಕಿ ಕಡಬಕ್ಕೆ ಕೊಂಡುಹೋದೆ. ಶೀಟು ತೆಗೆಸಿ, ಬಿದಿರಿನ ಮೇಲೆ ಹಸಿರು ಬಟ್ಟೆ ಸಾಲಾಗಿ ಹಾಕಿ, ಸಣ್ಣ ಬೆಂಕಿಯಲ್ಲಿ ಮೂರು ದಿನ ಬಿಟ್ಟೆವು. ಗೌಡರಿಗೆ ತನ್ನ ಹೊಗೆಮನೆಯೂ ಸೇವೆಗೆ ಬಂತಲ್ಲ ಎಂದು ಹಿಗ್ಗು. ಬಾಗಿಲಲ್ಲಿ ನಿಂತು ಫೋಟೋ ತೆಗೆಸಿಕೊಂಡರು.

ವಾಸನೆ ಬರಲಿಲ್ಲವೇ ಎಂದರೆ, ಕಡಬದಲ್ಲಿ ಇಡೀ ತೋಟವೇ ಆ ವಾಸನೆ. ಮೂರು ದಿನ ಅಲ್ಲೇ ಇದ್ದ ನನ್ನ ಮೂಗೂ ಸತ್ತಿತ್ತು. ಇಳಿಸಿದ ಕೂಡಲೇ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿಬಿಟ್ಟೆ. ಸಿಸ್ಟರ್ ಫೋನಿನಲ್ಲಿ, "ಒಣಗಿತಾ ಹಮೀದಾಕ?" ಎಂದು ಕೇಳಿದರು. "ಹಪ್ಪಳದ ಹಾಗೆ ಆಗಿದೆ" ಎಂದೆ. ಎಲ್ಲಿ ಒಣಗಿಸಿದ್ದು ಎಂದು ಅವರು ಕೇಳಲಿಲ್ಲ, ನಾನು ಹೇಳಲೂ ಇಲ್ಲ.

ಸೆಪ್ಟೆಂಬರ್ ಕೊನೆಗೆ ನಾವು ಮಲಾವಿ ತಲುಪಿದೆವು. ಅಲ್ಲಿ ಆಗ ಮಳೆಯ ಸುದ್ದಿಯೇ ಇಲ್ಲ. ಕೆಂಪು ಧೂಳು, ತಲೆ ಒಡೆಯುವ ಬಿಸಿಲು. ಪೇಟೆಯ ಒಂದು ತುದಿಯಲ್ಲಿ ಕ್ಲಿನಿಕ್ಕು, ಅದರ ಹಿಂದೆ ನಮಗೆ ಉಳಿಯಲು ನಾಲ್ಕು ಕೋಣೆಯ ಮನೆ. ಅಡುಗೆಗೆ ಎಸ್ತೇರ್. ಐವತ್ತು ದಾಟಿದ, ದಪ್ಪ ಮೈಯ, ನಿಧಾನ ನಡಿಗೆಯ ಹೆಂಗಸು. ಉಪ್ಪನ್ನು ಬೆರಳಲ್ಲಿ ಅಳೆಯುತ್ತಿದ್ದಳು, ನಮ್ಮನ್ನು ಕಾಲಿನ ಸದ್ದಿನಿಂದ ಗುರುತಿಸುತ್ತಿದ್ದಳು. ಮೊದಲ ದಿನ ಗೌಡರು ಅನ್ನ ಸಾರು ಹೇಗೆ ಎಂದು ತೋರಿಸಿಕೊಟ್ಟರು. ಎರಡನೇ ದಿನ ಅವಳ ಸಾರು ಗೌಡರದ್ದಕ್ಕಿಂತ ಚೆನ್ನಾಗಿತ್ತು.

ಕ್ಲಿನಿಕ್ ನೋಡಿಕೊಳ್ಳುತ್ತಿದ್ದ ಜೋಸೆಫ್ ರೋಗಿಗಳ ಪಟ್ಟಿ ಮೊದಲೇ ಮಾಡಿಟ್ಟಿದ್ದ. ಇರುವುದು ಒಂದೇ ಕಣ್ಣಾದ್ದರಿಂದ ಎಸ್ತೇರಳ ಹೆಸರು ಎಲ್ಲಕ್ಕಿಂತ ಮೇಲೆ ಇತ್ತು. ಗೌಡರು ಪಟ್ಟಿ ನೋಡಿ, "ಮೊದಲ ದಿನವೇ ಇವಳನ್ನು ಮಲಗಿಸಿದ್ರೆ ಊಟಕ್ಕೆ ಎಂತ ಮಾಡುದು?" ಎಂದರು. ಡಾಕ್ಟರ್ ನಕ್ಕು, "ನಮ್ಮವಳೇ ಅಲ್ವಾ, ಕೊನೆಯ ದಿನ ಮಾಡುವ" ಎಂದರು. ಜೋಸೆಫ್ ಅವಳ ಹೆಸರು ಹೊಡೆದುಹಾಕಿ ಕೊನೆಗೆ ಬರೆದ. ನಾನು ಅಲ್ಲೇ ಇದ್ದೆ. ನನಗೂ ಹಸಿವಾಗುತ್ತಿತ್ತು.

ಮರುದಿನ ಬೆಳಿಗ್ಗೆ ಪೆಟ್ಟಿಗೆ ತೆರೆದೆ. ಒಂದೂವರೆ ತಿಂಗಳು ಹಡಗು, ಲಾರಿಗಳ ಬಿಸಿಯಲ್ಲಿ ಪ್ಲಾಸ್ಟಿಕ್ಕಿನೊಳಗೆ ಬೆಂದಿದ್ದ ವಾಸನೆ ಎದ್ದು ಬಂದು ಕೋಣೆ ತುಂಬಿತು. ಸಿಸ್ಟರ್ ಒಂದು ಬಟ್ಟೆ ಎತ್ತಿ ಮೂಗಿಗೆ ಹಿಡಿದರು. ಆಮೇಲೆ ಒಂದು ಬಿಳಿ ಪಿಂಗಾಣಿ ತಟ್ಟೆ ತರಿಸಿ ಒದ್ದೆ ಮಾಡಿ, ಬಟ್ಟೆಯಿಂದ ಉಜ್ಜಿದರು. ತಟ್ಟೆಯ ಮೇಲೆ ಹಳದಿ ಮಸಿಯ ಗೆರೆ.

"ಇದನ್ನು ಎಲ್ಲಿ ಒಣಗಿಸಿದ್ದು ಹಮೀದಾಕ?"

ಹೇಳಿದೆ.

"ಸ್ಟೆರಿಲೈಸ್ ಮಾಡಿದ್ರೆ ಆಯ್ತಲ್ವಾ?" ಎಂದರು ಗೌಡರು. "ಹೊಗೆಗೆ ಕ್ರಿಮಿ ಎಲ್ಲ ಸಾಯ್ತದೆ."

"ಕ್ರಿಮಿ ಸಾಯ್ತದೆ, ಮಸಿ ಎಂತ ಆಗುದು ಅಧ್ಯಕ್ಷರೆ? ತೆರೆದ ಕಣ್ಣಿಗೆ ಬೀಳುದು. ನಾನು ಇದಕ್ಕೆ ಕೈ ಹಾಕುದಿಲ್ಲ" ಎಂದರು ಸಿಸ್ಟರ್. ಇಡೀ ತಂಡದಲ್ಲಿ ನನಗೆ ಮರ್ಯಾದೆ ಇದ್ದದ್ದು ಆ ಹೆಂಗಸಿನ ಮೇಲೆ ಮಾತ್ರ. ಅವರು ಬೈದಿದ್ದರೆ ಒಳ್ಳೆಯದಿತ್ತು, ಬೈಯಲಿಲ್ಲ. "ಎಲ್ಲ ಒಗೆಯಿರಿ" ಎಂದು ಹೊರಗೆ ಹೋದರು. ಆಪರೇಷನ್ನಿಗೆ ಇಟ್ಟಿದ್ದ ಐದು ದಿನಗಳಲ್ಲಿ ಎರಡು ದಿನ ಹೀಗೆ ಹೋಯಿತು.

ಆ ಎರಡು ದಿನ ನಾನು ಮತ್ತು ಎಸ್ತೇರ್ ಒಗೆದೆವು. ಯಾರೂ ಅವಳಿಗೆ ಹೇಳಿರಲಿಲ್ಲ. ನಾನು ಬೋರ್‌ವೆಲ್ ಪಂಪಿನ ಹತ್ತಿರ ಒದ್ದಾಡುತ್ತಿದ್ದ ಸದ್ದು ಕೇಳಿ, ತಾನೇ ಬಂದು ಕೂತಳು. ಬಿಸಿನೀರು, ಸೋಪು, ತಣ್ಣೀರು, ಮತ್ತೆ ಬಿಸಿನೀರು. ನನ್ನ ಕಣ್ಣಿಗೆ ಸ್ವಚ್ಛ ಎಂದು ಕಂಡದ್ದನ್ನು ಅವಳು ಮೂಗಿಗೆ ಹಿಡಿದು, "ಇನ್ನೂ ಇದೆ" ಎಂದು ವಾಪಸ್ ಬಕೆಟಿಗೆ ಹಾಕುತ್ತಿದ್ದಳು. ಅವಳದೂ ನನ್ನದೂ ಹರಕು ಇಂಗ್ಲಿಷು, ಮಾತಿಗೆ ಅಷ್ಟು ಸಾಕಿತ್ತು. ಕಣ್ಣು ಬಂದರೆ ಮೊದಲು ಏನು ನೋಡುತ್ತೀ ಎಂದು ಕೇಳಿದೆ. ಇಂಥ ಪ್ರಶ್ನೆಗೆ ವಿಡಿಯೋಗಳಲ್ಲಿ ಜನ ಮೊಮ್ಮಗುವಿನ ಮುಖ ಎನ್ನುತ್ತಾರೆ. ಅವಳು, "ಮೀನಿನವನ ಮುಖ" ಎಂದಳು. ಎರಡು ವರ್ಷದಿಂದ ಅವನು ತನಗೆ ನಿನ್ನೆಯ ಮೀನು ಕೊಡುತ್ತಿದ್ದಾನೆ. ವಾಸನೆಯಿಂದ ಗೊತ್ತಾಗುತ್ತದೆ, ಹೇಳಿದರೆ ಒಪ್ಪುವುದಿಲ್ಲ. ಒಂದು ದಿನ ಎದುರು ನಿಂತು ಮೀನಿನ ಕಿವಿರು ಎತ್ತಿ ನೋಡಿ, ಆಮೇಲೆ ಅವನ ಮುಖ ನೋಡಬೇಕು, ಅಷ್ಟೇ. ನಾವಿಬ್ಬರೂ ತುಂಬ ನಕ್ಕೆವು. ನನ್ನ ಜೀವನದಲ್ಲಿ ಅಷ್ಟು ಖುಷಿಯಿಂದ ನಾನು ಬಟ್ಟೆ ಒಗೆದದ್ದಿಲ್ಲ.

ಆ ಹೊತ್ತಿಗೆ ನಮ್ಮ ಸೇವಕರು ಏನು ಮಾಡುತ್ತಿದ್ದರು? ಮೊದಲ ದಿನ ಬ್ಯಾನರ್ ಕಟ್ಟಿ ಉದ್ಘಾಟನೆ. ಆಪರೇಷನ್ನೇ ಇಲ್ಲದ ಶಿಬಿರಕ್ಕೆ ಉದ್ಘಾಟನೆ. ಎರಡನೇ ದಿನ ಗಾಡಿ ಮಾಡಿಕೊಂಡು ಸರೋವರ ನೋಡಲು ಹೋದರು. ಡಾಕ್ಟರ್ ನೀರಿನ ಎದುರು ನಿಂತು, ಇಲ್ಲಿ ಬಂದ ಮೇಲೆ ತನಗೆ ನಿದ್ದೆಯೇ ಇಲ್ಲ ಎಂದು ಪುತ್ತೂರಿನವರಿಗೆ ವಿಡಿಯೋ ಕಳಿಸಿದರು. ಹಿಂದಿನ ದಿನ ಊಟವಾದ ಮೇಲೆ ಅವರ ಗೊರಕೆ ಪಂಪಿನವರೆಗೆ ಕೇಳಿಸಿತ್ತು. ಬಟ್ಟೆ ಹಿಂಡುತ್ತಾ ನಾನು ಅವರನ್ನೆಲ್ಲ ಮನಸ್ಸಿನಲ್ಲೇ ಹಿಂಡಿದೆ. ಈ ಹೊಲಸು ಮಾಡಿದವನು ನಾನೇ ಎಂಬುದು ಎರಡನೇ ದಿನದ ಹೊತ್ತಿಗೆ ಮರೆತೇಹೋಗಿತ್ತು. ನಮ್ಮವರಲ್ಲಿ ಒಗೆಯುತ್ತಿದ್ದವನು ನಾನೊಬ್ಬನೇ ಅಲ್ಲವೇ, ಹಾಗಾಗಿ ನಾನೊಬ್ಬನೇ ಒಳ್ಳೆಯವನು.

ಮೂರನೇ ದಿನದಿಂದ ಕೆಲಸ ಶುರುವಾಯಿತು. ಡಾಕ್ಟರ್ ಬೆಳಿಗ್ಗೆ ಆರಕ್ಕೆ ಕೂತರೆ ಸಂಜೆಯವರೆಗೆ ಏಳುತ್ತಿರಲಿಲ್ಲ, ಅದನ್ನು ಸುಳ್ಳು ಹೇಳಲಾರೆ. ನಾನು ಉಪಕರಣ ಕುದಿಸಿ, ಜನರೇಟರ್ ನೋಡಿ, ಬಾಗಿಲಲ್ಲಿ ಚೀಟಿ ಹಿಡಿದು ನಿಂತೆ. ಕಣ್ಣಿನ ಪಟ್ಟಿ ಬಿಚ್ಚಿದಾಗ ಜನ ಕುಣಿಯುತ್ತಾರೆ ಎಂದು ನೀವು ನೋಡಿರಬಹುದು. ನಿಜಕ್ಕೆ ಹೆಚ್ಚಿನವರು ಮೊದಲು ಕೇಳುವುದು ಮೂತ್ರಕ್ಕೆ ಎಲ್ಲಿ ಹೋಗುವುದು ಎಂದು. ಗೌಡರಿಗೆ ಇದರಿಂದ ಬೇಸರ. ಕುಣಿಯುವ ಒಬ್ಬನಿಗಾಗಿ ಮೊಬೈಲು ಹಿಡಿದು ಮೂರು ದಿನ ಕಾದರು.

ಮೂರು ದಿನದಲ್ಲಿ ಐದು ದಿನದ ಪಟ್ಟಿ ಮುಗಿಯುವುದಿಲ್ಲ. ಕೆಳಗಿನಿಂದ ಹೆಸರು ಹೊಡೆದರು. ದೂರದ ಹಳ್ಳಿಗಳಿಂದ ಬಂದು ಅಂಗಳದಲ್ಲಿ ಕಾಯುತ್ತಿದ್ದವರಿಗೆ ಜೋಸೆಫ್ ಕೈಮುಗಿದು ಹೇಳಿ ಕಳಿಸಿದ. ಎಲ್ಲಕ್ಕಿಂತ ಕೆಳಗಿದ್ದವಳು ಎಸ್ತೇರ್. ನಮ್ಮವಳೇ ಎಂದು ಅವಳದನ್ನು ಮಾತ್ರ ಹೊಡೆದಿರಲಿಲ್ಲ, ಹೊತ್ತು ಉಳಿದರೆ ನೋಡುವ ಎಂದಿದ್ದರು. ಕೊನೆಯ ದಿನ ಮಧ್ಯಾಹ್ನ ನಮಗೆಲ್ಲ ಬಡಿಸಿ, ಕೈ ತೊಳೆದು, ಒಗೆದ ಬಟ್ಟೆ ಉಟ್ಟುಕೊಂಡು ಬಂದು ಥಿಯೇಟರಿನ ಹೊರಗಿನ ಬೆಂಚಿನಲ್ಲಿ ಕೂತಳು. ಸಂಜೆ ಐದಕ್ಕೆ ಡಾಕ್ಟರ್ ಗೌನು ಕಳಚಿದರು. ಬೆಳಿಗ್ಗೆ ಆರರಿಂದ ಕೂತಿದ್ದವರು ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ಸಿಸ್ಟರ್, "ಇವತ್ತು ಬೇಡ, ಆಗುದಿಲ್ಲ" ಎಂದರು. ಎಸ್ತೇರ್ ಎದ್ದು ರಾತ್ರಿಯ ಅಡುಗೆಗೆ ಹೋದಳು.

ನಾನು ಕತ್ತಲಾಗುವುದರೊಳಗೆ ಎಲ್ಲವನ್ನೂ ಕಟ್ಟಿಬಿಟ್ಟೆ. ಹೊರಡುವ ಹಿಂದಿನ ದಿನವೇ ಕಟ್ಟಿ ಮುಗಿಸುವುದು ನನ್ನ ದಮ್ಮಾಮಿನ ಅಭ್ಯಾಸ. ಮೈಕ್ರೋಸ್ಕೋಪ್ ಕಳಚಿ ಫೋಮಿನೊಳಗೆ, ಉಪಕರಣ ಒರೆಸಿ ಡಬ್ಬಿಯೊಳಗೆ, ಪೆಟ್ಟಿಗೆಗೆ ಟೇಪು, ಟೇಪಿನ ಮೇಲೆ ಪಟ್ಟಿ, ಪಟ್ಟಿಯ ಮೇಲೆ ನನ್ನ ಸಹಿ. ನಾನು ಕಟ್ಟಿದ ಪೆಟ್ಟಿಗೆಯನ್ನು ಇಪ್ಪತ್ತೆರಡು ವರ್ಷದಲ್ಲಿ ಯಾರೂ ದಾರಿಯಲ್ಲಿ ಬಿಚ್ಚಿಸಿದ್ದಿಲ್ಲ.

ಮರುದಿನ ಬೆಳಿಗ್ಗೆ ಏಳು ಗಂಟೆ. ಗಾಡಿ ಬರುವುದು ಹನ್ನೊಂದಕ್ಕೆ. ನಾನು ಪೆಟ್ಟಿಗೆಗಳ ಹತ್ತಿರ ನಿಂತಿದ್ದೆ. ಡಾಕ್ಟರ್ ಒಬ್ಬರೇ ಬಂದರು. ಬನಿಯನ್ನು, ಲುಂಗಿ, ಕೆದರಿದ ತಲೆ. ಸುತ್ತ ಕ್ಯಾಮೆರಾ ಇರಲಿಲ್ಲ.

"ಹಮೀದ್, ಆ ಎಸ್ತೇರಿನ ಕಣ್ಣು ಮಾಡಿ ಹೋಗುವ ಅಂತ. ನನಗೆ ಇಪ್ಪತ್ತು ನಿಮಿಷ ಸಾಕು. ನಾಳೆ ಕಣ್ಣಿನ ಪಟ್ಟಿ ಬಿಚ್ಚಲಿಕ್ಕೆ ಜೋಸೆಫ್ ಇದ್ದಾನೆ. ಒಂದು ಸೆಟ್ ತೆಗಿಲಿಕ್ಕೆ ಆಗ್ತದಾ?"

ಆಗುತ್ತಿತ್ತು. ಮೂರು ಪೆಟ್ಟಿಗೆ ಬಿಚ್ಚಬೇಕು, ಮೈಕ್ರೋಸ್ಕೋಪ್ ಜೋಡಿಸಬೇಕು, ಉಪಕರಣ ಕುದಿಸಬೇಕು. ಒಂದೂವರೆ ಗಂಟೆ. ಮತ್ತೆ ಕಟ್ಟಲು ಒಂದು ಗಂಟೆ. ಅವರು ಮಾತು ಮುಗಿಸುವುದರೊಳಗೆ ನನ್ನ ತಲೆಯಲ್ಲಿ ಲೆಕ್ಕ ಮುಗಿದಿತ್ತು.

"ಪ್ಯಾಕ್ ಆಗಿದೆ ಡಾಕ್ಟ್ರೆ" ಎಂದೆ.

"ಬಿಚ್ಚಲಿಕ್ಕೆ ಆಗುದಿಲ್ವಾ?"

"ಸೀಲ್ ಹಾಕಿ ಪಟ್ಟಿ ಮಾಡಿ ಆಗಿದೆ. ಈಗ ಬಿಚ್ಚಿದ್ರೆ ಏರ್‌ಪೋರ್ಟಿನಲ್ಲಿ ಕಸ್ಟಮ್ಸಿನವರು ಬಿಡುದಿಲ್ಲ. ನಿಮ್ಮ ಮೈಕ್ರೋಸ್ಕೋಪ್ ಇಲ್ಲೇ ಉಳೀತದೆ."

ಅದು ಸುಳ್ಳು. ಪಟ್ಟಿ ಹರಿದು ಇನ್ನೊಂದು ಬರೆದರೆ ಮುಗಿಯುತ್ತಿತ್ತು. ಯಾಕೆ ಹಾಗೆ ಹೇಳಿದೆ ಎಂದು ಈ ನಾಲ್ಕು ವರ್ಷದಲ್ಲಿ ನನಗೆ ನಾನೇ ಹಲವು ಉತ್ತರ ಕೊಟ್ಟುಕೊಂಡಿದ್ದೇನೆ. ಸುಸ್ತಾಗಿತ್ತು, ಭಯವಿತ್ತು, ಅಭ್ಯಾಸ. ಯಾವುದೂ ಅಲ್ಲ. ಸರೋವರದ ಎದುರು ನಿಂತು ನಿದ್ದೆಯಿಲ್ಲ ಎಂದು ವಿಡಿಯೋ ಮಾಡಿದ ಮನುಷ್ಯ ಈಗ ಕೊನೆಯ ಗಳಿಗೆಯಲ್ಲಿ ದೊಡ್ಡವನಾಗಲು ಬಂದಿದ್ದಾನೆ, ಬಿಡಬಾರದು ಎನಿಸಿತು. ಹೋಗಿ ಅವಳ ಎದುರು ನಿಂತು ಆಗುವುದಿಲ್ಲ ಎಂದು ತನ್ನ ಬಾಯಿಂದಲೇ ಹೇಳಲಿ. ಒಮ್ಮೆಯಾದರೂ ಇವನಿಗೆ ನಾಚಿಕೆಯಾಗಲಿ. ಅವಳ ಕಣ್ಣಿನ ಯೋಚನೆ ಆ ಎರಡು ನಿಮಿಷ ನನ್ನ ತಲೆಯಲ್ಲಿ ಇರಲೇ ಇಲ್ಲ.

ಡಾಕ್ಟರ್ ಒಮ್ಮೆ ಪೆಟ್ಟಿಗೆಗಳ ಕಡೆ ನೋಡಿದರು. "ಹೌದಾ" ಎಂದರು. ಅಡುಗೆಮನೆಗೆ ಹೋಗಿ ಅವಳ ಎದುರು ನಿಂತು, ತಾನೇ ಹೇಳಿದರು. ಮುಂದಿನ ವರ್ಷ ಖಂಡಿತ ಎಂದರು. ಅವರ ಮುಖದಲ್ಲಿ ನಾಚಿಕೆ ಕಂಡಿತು. ನಾನು ಬಯಸಿದ್ದು ನನಗೆ ಪೂರ್ತಿ ಸಿಕ್ಕಿತು.

ಗಾಡಿ ಹನ್ನೊಂದಕ್ಕೆ ಬರಲಿಲ್ಲ, ಒಂದೂವರೆಗೆ ಬಂತು. ಅಷ್ಟು ಹೊತ್ತೂ ನಾನು ಪೆಟ್ಟಿಗೆಯ ಮೇಲೆ ಕೂತಿದ್ದೆ. ಒಳಗೆ ಎಸ್ತೇರ್ ನಮಗೆ ದಾರಿಗೆ ಚಪಾತಿ ಮಾಡುತ್ತಿದ್ದಳು. ಸಿಸ್ಟರಿಗೆ ವಿಷಯ ಗೊತ್ತಾದದ್ದು ಗಾಡಿ ಹೊರಟ ಮೇಲೆ. "ನನ್ನನ್ನು ಒಮ್ಮೆ ಕರೀಬಹುದಿತ್ತು ಹಮೀದಾಕ. ನಾನು ಬಿಚ್ಚುತ್ತಿದ್ದೆ" ಎಂದರು. ಆಮೇಲೆ ಪುತ್ತೂರು ಮುಟ್ಟುವವರೆಗೆ ನನ್ನ ಹತ್ತಿರ ಮಾತಾಡಲಿಲ್ಲ, ಈಗಲೂ ಪೇಟೆಯಲ್ಲಿ ಸಿಕ್ಕಿದರೆ ತಲೆ ಆಡಿಸುತ್ತಾರೆ, ಅಷ್ಟೇ.

ಪುತ್ತೂರಿನಲ್ಲಿ ನಮಗೆ ಸನ್ಮಾನವಾಯಿತು. ಹೊಸ ಬ್ಯಾನರ್, ಶಾಲು, ಹಣ್ಣಿನ ಬುಟ್ಟಿ. ಗೌಡರು ಮೈಕಿನಲ್ಲಿ ನನ್ನ ಹೆಸರು ಕರೆದು, "ಅಷ್ಟು ದೂರ ಹೋಗಿ ಒಂದು ಸೂಜಿ ಕೂಡ ಕಳೆಯದೆ ಎಲ್ಲವನ್ನೂ ವಾಪಸ್ ತಂದವರು" ಎಂದರು. ಜನ ಚಪ್ಪಾಳೆ ತಟ್ಟಿದರು. ಮುಂದಿನ ವರ್ಷ ಮಲಾವಿಗೆ ಯಾರೂ ಹೋಗಲಿಲ್ಲ. ಗೌಡರಿಗೆ ಅಷ್ಟರಲ್ಲಿ ನೇಪಾಳದ ಮೇಲೆ ಮನಸ್ಸಾಗಿತ್ತು. ನಾನು ಟ್ರಸ್ಟ್ ಬಿಟ್ಟೆ.

ಜೋಸೆಫ್ ಆಗಾಗ ಫೋನ್ ಮಾಡುತ್ತಾನೆ. ಎಸ್ತೇರ್ ಹೇಗಿದ್ದಾಳೆ ಎಂದು ಕೇಳಲು ನನಗೆ ಎರಡು ವರ್ಷ ಬೇಕಾಯಿತು. ಈಗ ಏನೂ ಕಾಣುವುದಿಲ್ಲವಂತೆ. ಕಣ್ಣಿನೊಳಗೆ ಒತ್ತಡ ಹೆಚ್ಚಾಗಿ ನರವೇ ಹೋಗಿದೆ, ಇನ್ನು ಆಪರೇಷನ್ನಿನಿಂದ ಪ್ರಯೋಜನವಿಲ್ಲ. ಅಡುಗೆ ಬಿಟ್ಟಿದ್ದಾಳೆ, ಮಗಳ ಮನೆಯ ಅಂಗಳದಲ್ಲಿ ಕೂತಿರುತ್ತಾಳೆ.

"ನಿನ್ನ ಬಗ್ಗೆ ತುಂಬ ಕೇಳುತ್ತಾಳೆ" ಎಂದ ಜೋಸೆಫ್. "'ಆ ಡಾಕ್ಟರಿಗೆ ಮನಸ್ಸಿರಲಿಲ್ಲ, ಪೆಟ್ಟಿಗೆಯವನು ಒಳ್ಳೆಯವನು, ನನ್ನ ಜೊತೆ ಕೂತು ಬಟ್ಟೆ ಒಗೆದ, ಅವನ ಕೈಯಲ್ಲಿ ಇದ್ದಿದ್ದರೆ ನನಗೆ ಕಣ್ಣು ಬರುತ್ತಿತ್ತು' ಎಂದು ಬಂದವರಿಗೆಲ್ಲ ಹೇಳುತ್ತಾಳೆ."

"ಹೌದಾ" ಎಂದೆ. ಆಮೇಲೆ ಅಲ್ಲಿ ಮಳೆ ಶುರುವಾಯಿತಾ ಎಂದು ಕೇಳಿದೆ.